ಮೆಕ್ಕೆಜೋಳಕ್ಕೂ ಯೀಸ್ಟಿಗೂ ಒಂದೇ ಇಆರ್ ಪ್ರತಿಕಾಯ ಸಾಕಾಗುತ್ತದೆಯೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬೇಸಿಗೆಯ ತಾಪಕ್ಕೆ ಸಿಕ್ಕ ಮೆಕ್ಕೆಜೋಳದ ಸಸಿಗಳಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಜೀವಕೋಶದೊಳಗೆ ಪ್ರೋಟೀನ್‌ಗಳು ತಯಾರಾಗಿ ಮಡಚಿಕೊಳ್ಳುವ ಪೊರೆಯ ಜಾಲ), ಅಂದರೆ ಇಆರ್, ಎಷ್ಟರಮಟ್ಟಿಗೆ ಒತ್ತಡಕ್ಕೆ ಒಳಗಾಗುತ್ತದೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ನಮ್ಮ ಜಿಲ್ಲೆಯಲ್ಲಿ ಈ ಬೆಳೆ ಎಷ್ಟು ಮುಖ್ಯವೆಂಬುದನ್ನು ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಇದರ ಜೊತೆಗೆ, ಮೆಕ್ಕೆಜೋಳದ ಒಂದು ಜೀನನ್ನು ಬೇಕರಿ ಯೀಸ್ಟಿಗೆ ಸೇರಿಸಿ, ಅದರ ಪ್ರೋಟೀನ್ ಇಆರ್ ಒಳಗೆ ಉಳಿಯುತ್ತದೆಯೇ ಎಂದು ನೋಡುವ ಭಾಗವೂ ಇದೆ. ಹಾಗಾಗಿ ಸಸ್ಯ ಮತ್ತು ಯೀಸ್ಟ್ ಎರಡರಲ್ಲೂ ಇಆರ್ ಪ್ರೋಟೀನ್‌ಗಳನ್ನು ತೋರಿಸಬಲ್ಲ ಪ್ರತಿಕಾಯ (ಗುರಿಯ ಪ್ರೋಟೀನಿಗೆ ಅಂಟಿ ಅದನ್ನು ಗುರುತಿಸುವ ಆಂಟಿಬಾಡಿ) ನನಗೆ ಬೇಕಾಗಿದೆ.

ಸದ್ಯಕ್ಕೆ ನನ್ನ ಕೈಯಲ್ಲಿರುವುದು ಪಕ್ಕದ ವಿಭಾಗದವರು ಪ್ರಾಣಿ ಜೀವಕೋಶಗಳ ಕೆಲಸಕ್ಕೆಂದು ತರಿಸಿದ್ದ, ಕೆಡಿಇಎಲ್ ಎಂಬ ನಾಲ್ಕು ಅಮೈನೋ ಆಮ್ಲಗಳ ತುದಿಯನ್ನು ಗುರುತಿಸುವ ಇಲಿಯ ಮೊನೊಕ್ಲೋನಲ್ (ಎಲ್ಲ ಅಣುಗಳೂ ಒಂದೇ ಬಗೆಯವಾದ) ಪ್ರತಿಕಾಯ ಮಾತ್ರ. ಅದನ್ನು ಬಳಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಮಾಡಿದಾಗ ಯೀಸ್ಟಿನ ಲೇನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಮೆಕ್ಕೆಜೋಳದ ಎಲೆಯ ಲೇನಿನಲ್ಲಿ 60 ಕಿಲೋಡಾಲ್ಟನ್ ಹತ್ತಿರ ಒಂದು ಬ್ಯಾಂಡ್, 22ರ ಆಸುಪಾಸಿನಲ್ಲಿ ತೆಳುವಾದ ಇನ್ನೊಂದು ಬ್ಯಾಂಡ್ ಬಂದಿವೆ. 55ರ ಜಾಗವಂತೂ ಕಲೆಸಿದಂತೆ ಇದೆ. ನಾನು ನಿಜವಾಗಿ ಹುಡುಕುತ್ತಿದ್ದುದು 75ರಿಂದ 78ರ ನಡುವೆ ಬರಬೇಕಾದ, ಇಆರ್ ಒಳಗೆ ಇತರ ಪ್ರೋಟೀನ್‌ಗಳ ಮಡಚುವಿಕೆಗೆ ನೆರವಾಗುವ ಬಿಪ್ ಪ್ರೋಟೀನನ್ನು, ಅದು ಅಲ್ಲಿಲ್ಲ.

ಈ ಆರ್ಥಿಕ ವರ್ಷದ ಅನುದಾನದಲ್ಲಿ ಹೆಚ್ಚೆಂದರೆ ಎರಡು ಪ್ರತಿಕಾಯ ಕೊಳ್ಳಲು ಸಾಧ್ಯ. ಒಂದೊಂದಕ್ಕೂ ಹತ್ತಾರು ಸಾವಿರ ರೂಪಾಯಿ ಆಗುವುದರಿಂದ ತರಿಸಿದ ಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು. ಎರಡೂ ಜೀವಿಗಳಿಗೆ ಒಂದೇ ಪ್ರತಿಕಾಯ ಸಾಕಾಗುತ್ತದೆಯೇ, ಅಥವಾ ಬೇರೆ ಬೇರೆ ತರಿಸಬೇಕೇ? ಬಂದ ಬ್ಯಾಂಡ್ ನಿಜವಾಗಿಯೂ ಇಆರ್ ಪ್ರೋಟೀನಿನದೇ ಎಂದು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಜೀವರಸಾಯನಶಾಸ್ತ್ರ ಅಧ್ಯಾಪಕ, ಚಿತ್ರದುರ್ಗ

ನಿಮ್ಮ ಬ್ಲಾಟ್ ಕೆಟ್ಟಿದೆ ಎಂದು ನನಗೆ ಅನಿಸುತ್ತಿಲ್ಲ. ನೀವು ವಿವರಿಸಿದ ಫಲಿತಾಂಶದ ಬಹುಪಾಲು ಆ ಪ್ರತಿಕಾಯದಿಂದ ನಿರೀಕ್ಷಿಸಬಹುದಾದದ್ದೇ ಆಗಿದೆ.

ಇಆರ್ ಒಳಗಿನ ದ್ರವದಲ್ಲಿ ಕರಗಿರುವ ಪ್ರೋಟೀನ್‌ಗಳು ಹೊರಗೆ ಸಾಗಿಹೋಗದಂತೆ ಅವುಗಳ ತುದಿಯ ನಾಲ್ಕು ಅಮೈನೋ ಆಮ್ಲಗಳು ಹಿಡಿದಿಡುತ್ತವೆ ಎಂಬುದನ್ನು ಮನ್ರೋ ಮತ್ತು ಪೆಲ್ಹಮ್ ಅವರು 1987ರಲ್ಲಿ ಪ್ರಾಣಿ ಜೀವಕೋಶಗಳಲ್ಲಿ ತೋರಿಸಿದರು. ಅಲ್ಲಿ ಆ ತುದಿ ಲೈಸಿನ್, ಆಸ್ಪಾರ್ಟೇಟ್, ಗ್ಲುಟಾಮೇಟ್, ಲ್ಯೂಸಿನ್, ಅಂದರೆ ಕೆಡಿಇಎಲ್. ಮರುವರ್ಷವೇ ಬೇಕರಿ ಯೀಸ್ಟಿನಲ್ಲಿ ಲೈಸಿನ್ ಜಾಗದಲ್ಲಿ ಹಿಸ್ಟಿಡಿನ್ ಇರುವ ಎಚ್‌ಡಿಇಎಲ್ ಈ ಕೆಲಸ ಮಾಡುತ್ತದೆ ಎಂಬುದು ಪ್ರಕಟವಾಯಿತು. ಯೀಸ್ಟಿನ ಬಿಪ್ ಆಗಿರುವ ಕಾರ್2 ಮತ್ತು ಅಲ್ಲಿನ ಪಿಡಿಐ1 (ಇಆರ್‌ನಲ್ಲಿ ಪ್ರೋಟೀನ್ ಮಡಚಲು ನೆರವಾಗುವ ಒಂದು ಕಿಣ್ವ), ಎರಡರ ತುದಿಯೂ ಎಚ್‌ಡಿಇಎಲ್. ಹೀಗಿರುವಾಗ ಕೆಡಿಇಎಲ್ ಪ್ರತಿಕಾಯ ಯೀಸ್ಟಿನಲ್ಲಿ ಸುಮ್ಮನಿರುವುದು ಸಹಜ. ಎಲ್ಲ ಯೀಸ್ಟ್‌ಗಳೂ ಒಂದೇ ಬಗೆಯವು ಎಂದು ಭಾವಿಸುವುದೂ ಬೇಡ. ಕ್ಲೂವೆರೊಮೈಸಿಸ್ ಲ್ಯಾಕ್ಟಿಸ್‌ನ ಬಿಪ್ ಡಿಡಿಇಎಲ್‌ನಿಂದಲೂ, ಸೀಳಿ ಬೆಳೆಯುವ ಪೊಂಬೆ ಯೀಸ್ಟಿನ ಬಿಪ್ ಎಡಿಇಎಲ್‌ನಿಂದಲೂ ಕೊನೆಗೊಳ್ಳುತ್ತವೆ. ಕ್ಯಾಟಲಾಗಿನಲ್ಲಿ ‘ಯೀಸ್ಟಿಗೆ ಆಗುತ್ತದೆ’ ಎಂದು ಬರೆದಿದ್ದರೆ ಯಾವ ಯೀಸ್ಟ್ ಎಂದು ಕೇಳಲೇಬೇಕು.

ಸಸ್ಯಗಳು ಎರಡು ತುದಿಗಳನ್ನೂ ಬಳಸುತ್ತವೆ. ಇದನ್ನು 1992ರಲ್ಲಿ ಪ್ರತಿಕಾಯಗಳಿಂದಲೇ ತೋರಿಸಲಾಯಿತು; 2ಇ7 ಎಂಬ ಎಚ್‌ಡಿಇಎಲ್ ಮೊನೊಕ್ಲೋನಲ್ ಹೆಸರಾದದ್ದು ಆ ಕಾಲದಲ್ಲಿ. ಸಸ್ಯಗಳ ಬಿಪ್ ಮತ್ತು ಕ್ಯಾಲ್ರೆಟಿಕ್ಯುಲಿನ್ (ಇಆರ್‌ನ ಇನ್ನೊಂದು ಸಹಾಯಕ ಪ್ರೋಟೀನ್) ಸಾಮಾನ್ಯವಾಗಿ ಎಚ್‌ಡಿಇಎಲ್ ತುದಿಯವು. ಅನೇಕ ಸಸ್ಯಗಳ ಪಿಡಿಐ ಮಾತ್ರ ಕೆಡಿಇಎಲ್ ತುದಿಯದು. ಆದ್ದರಿಂದ ನಿಮ್ಮ 60ರ ಬ್ಯಾಂಡ್ ಪಿಡಿಐ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಬಿಪ್ ಕಾಣದಿರುವುದಕ್ಕೂ ಇದೇ ಕಾರಣ ಸಾಕು. 22ರ ಬ್ಯಾಂಡಿನ ಬಗ್ಗೆ ನನಗೆ ಹೆಚ್ಚು ಕುತೂಹಲವಿದೆ. ಮೆಕ್ಕೆಜೋಳದ ಆಕ್ಸಿನ್ ಎಂಬ ಸಸ್ಯ ಹಾರ್ಮೋನನ್ನು ಹಿಡಿಯುವ ಎಬಿಪಿ1 ಪ್ರೋಟೀನ್ ಸುಮಾರು 22 ಕಿಲೋಡಾಲ್ಟನ್ ತೂಗುತ್ತದೆ, ಕೆಡಿಇಎಲ್‌ನಿಂದ ಕೊನೆಗೊಳ್ಳುತ್ತದೆ, ಮತ್ತು ಅದರ ಬಹುಪಾಲು ಇಆರ್‌ನಲ್ಲೇ ಇರುತ್ತದೆ. ಅದೇ ಇದು ಎಂದು ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ, ಆದರೆ ಎಸೆದುಬಿಡುವ ಬ್ಯಾಂಡ್ ಅದಲ್ಲ. (ಎಬಿಪಿ1 ಆಕ್ಸಿನ್‌ನ ಗ್ರಾಹಿಯೆಂಬ ಹಳೆಯ ಮಾತು 2015ರಲ್ಲಿ ಪ್ರಶ್ನೆಗೆ ಒಳಗಾಯಿತು, 2022ರಲ್ಲಿ ಅದಕ್ಕೆ ಮತ್ತೆ ಬೆಂಬಲ ಸಿಕ್ಕಿದೆ. ಅದು ಬೇರೆಯೇ ಚರ್ಚೆ.)

55ರ ಜಾಗದ ಕಲೆಸಿದ ಪಟ್ಟೆಗೆ ಕಾರಣ ದ್ಯುತಿಸಂಶ್ಲೇಷಣೆಯ ಕಿಣ್ವವಾದ ರುಬಿಸ್ಕೋದ ದೊಡ್ಡ ಉಪಘಟಕ. ಹಸಿರು ಎಲೆಯ ಸಾರದಲ್ಲಿ ಅದು ಅಷ್ಟೊಂದು ಇರುವುದರಿಂದ ತನ್ನ ಮೇಲೆ ಕೆಳಗೆ ಓಡುವ ಪ್ರೋಟೀನ್‌ಗಳನ್ನು ತಳ್ಳಿ, ಬ್ಯಾಂಡುಗಳನ್ನು ಬಾಗಿಸಿಬಿಡುತ್ತದೆ. ಮೆಕ್ಕೆಜೋಳ ಸಿ4 ಸಸ್ಯವಾದ್ದರಿಂದ ಗೋಧಿಗೆ ಹೋಲಿಸಿದರೆ ರುಬಿಸ್ಕೋ ಕಡಿಮೆಯೇ, ಆದರೂ ತೊಂದರೆ ಕೊಡುವಷ್ಟು ಇದ್ದೇ ಇರುತ್ತದೆ. ಕ್ಯಾಲ್ರೆಟಿಕ್ಯುಲಿನ್ ಆಮ್ಲೀಯ ಪ್ರೋಟೀನ್ ಆಗಿರುವುದರಿಂದ ತನ್ನ ನಿಜವಾದ ತೂಕಕ್ಕಿಂತ ಮೇಲೆ, ಸರಿಸುಮಾರು ಅದೇ 55ರ ನೆರೆಯಲ್ಲಿ ಓಡುತ್ತದೆ. ಎಲೆಯಲ್ಲಿ ಕ್ಯಾಲ್ರೆಟಿಕ್ಯುಲಿನ್ ಅಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕತ್ತಲಲ್ಲಿ ಬೆಳೆಸಿದ ಸಸಿಯ ಕಾಲಿಯಾಪ್ಟೈಲ್ (ಮೊಳಕೆಯ ಹೊದಿಕೆ) ಅಥವಾ ಬೇರಿನ ತುದಿ ತೆಗೆದುಕೊಂಡರೆ ಈ ಗೋಳೇ ಇರುವುದಿಲ್ಲ.

ಈಗ ಕೊಳ್ಳುವ ವಿಷಯ. ಎಚ್‌ಡಿಇಎಲ್ ಪ್ರತಿಕಾಯ ಒಂದನ್ನು ತರಿಸಿದರೆ ಮೆಕ್ಕೆಜೋಳಕ್ಕೂ ಬೇಕರಿ ಯೀಸ್ಟಿಗೂ ಅದು ಆಗುತ್ತದೆ, ಆದರೆ ಅದು ಒಂದು ಪ್ರೋಟೀನನ್ನಲ್ಲ, ಒಂದು ಬಾಲವನ್ನು ಗುರುತಿಸುತ್ತದೆ. ಆ ಬಾಲ ಇರುವವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಇಆರ್ ಎಲ್ಲಿದೆ ಎಂದು ತೋರಿಸಲು ಅದು ವರದಾನ. ಬಿಪ್ ಎಷ್ಟು ಪಟ್ಟು ಏರಿತು ಎಂದು ಹೇಳಲು ಅದನ್ನೊಂದನ್ನೇ ನಂಬಬಾರದು. ಆದ್ದರಿಂದ ಎರಡನೆಯದಾಗಿ ಸಸ್ಯದ ಬಿಪ್ ವಿರುದ್ಧವೇ ಬೆಳೆಸಿದ ಪಾಲಿಕ್ಲೋನಲ್ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ) ತರಿಸಿ ಎಂಬುದು ನನ್ನ ಸಲಹೆ. ಸ್ವೀಡನ್ನಿನ ಅಗ್ರಿಸೆರಾದಂತಹ, ಸಸ್ಯಗಳಿಗೆಂದೇ ಪ್ರತಿಕಾಯ ತಯಾರಿಸುವ ಕಂಪನಿಗಳ ಪಟ್ಟಿಯನ್ನು ಮೊದಲು ನೋಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು, ಏಕೆಂದರೆ ನಿಮ್ಮ ವಿಷಯವೇ ಶಾಖ. ಬಿಪ್ ಎಂಬುದು ಎಚ್‌ಎಸ್‌ಪಿ70 ಎಂಬ ಶಾಖ-ಆಘಾತ ಪ್ರೋಟೀನ್‌ಗಳ ಕುಟುಂಬದ್ದು, ಆ ಕುಟುಂಬದ ಇತರರು ಸೈಟೊಪ್ಲಾಸಂನಲ್ಲೂ ಮೈಟೊಕಾಂಡ್ರಿಯಾದಲ್ಲೂ ಕ್ಲೋರೊಪ್ಲಾಸ್ಟಿನಲ್ಲೂ ಇದ್ದಾರೆ, ಮತ್ತು ಎಟಿಪಿ ಹಿಡಿಯುವ ಮುಂಭಾಗ ಎಲ್ಲರಲ್ಲೂ ಬಹಳ ಹೋಲುತ್ತದೆ. ಆ ಭಾಗದ ವಿರುದ್ಧ ಬೆಳೆಸಿದ ಪ್ರತಿಕಾಯ ಸೈಟೊಪ್ಲಾಸಂನ ಎಚ್‌ಎಸ್‌ಪಿ70ಯನ್ನೂ ಹಿಡಿದರೆ, ಸಸಿಯನ್ನು 42 ಡಿಗ್ರಿಯಲ್ಲಿಟ್ಟಾಗ ಏರುವ ಬ್ಯಾಂಡ್ ಬಿಪ್‌ನದಲ್ಲ, ಅದರ ದಾಯಾದಿಯದು. ಅದಕ್ಕಾಗಿ ಪ್ರತಿಕಾಯವನ್ನು ಪ್ರೋಟೀನಿನ ಯಾವ ಭಾಗದ ವಿರುದ್ಧ ಬೆಳೆಸಿದ್ದಾರೆ ಎಂದು ಕಂಪನಿಯವರಿಗೆ ಇಮೇಲ್ ಬರೆದು ಕೇಳಿ, ಹಿಂಭಾಗದ್ದಾದರೆ ಒಳ್ಳೆಯದು. ಶಾಖದ ಲೇನಿನ ಪಕ್ಕದಲ್ಲಿ ಟ್ಯುನಿಕಮೈಸಿನ್ ಕೊಟ್ಟ ಸಸಿಯ ಲೇನ್ ಕೂಡ ಇರಲಿ. ಅದು ಪ್ರೋಟೀನ್‌ಗಳಿಗೆ ಸಕ್ಕರೆ ಸರಪಳಿ ಸೇರುವುದನ್ನು ತಡೆದು ಇಆರ್‌ಗೇ ನೇರವಾಗಿ ಒತ್ತಡ ಕೊಡುವುದರಿಂದ, ಅಲ್ಲಿ ಏರುವ ಬ್ಯಾಂಡ್ ಬಿಪ್ ಎಂಬುದಕ್ಕೆ ಬಲವಾದ ಸಾಕ್ಷಿಯಾಗುತ್ತದೆ.

ಉತ್ತರ 2: ಯೀಸ್ಟ್ ಲ್ಯಾಬಿನವರು, ಊರು ಹರಿಹರ, ಕೆಲಸ ಬೆಂಗಳೂರು

ಮೇಲಿನ ಸರ್ ಸಸ್ಯದ ಕಡೆಯದನ್ನು ಹೇಳಿದ್ದಾರೆ. ನಾನು ಯೀಸ್ಟಿನ ಭಾಗಕ್ಕೆ ಸೀಮಿತವಾಗಿ ಬರೆಯುತ್ತೇನೆ.

ಬೇಕರಿ ಯೀಸ್ಟಿನಲ್ಲಿ ಇಆರ್ ಗುರುತಿಗೆ ಬಹುತೇಕ ಪ್ರಯೋಗಾಲಯಗಳು ಬಳಸುವುದು ಕಾರ್2 ಅಥವಾ ಡಿಪಿಎಂ1. ಕಾರ್2 ಒಳದ್ರವದ ಪ್ರೋಟೀನ್, ಜೆಲ್ಲಿನಲ್ಲಿ 75ರ ಸ್ವಲ್ಪ ಮೇಲೆ ಓಡುತ್ತದೆ. ಡಿಪಿಎಂ1 ಪೊರೆಗೆ ಅಂಟಿಕೊಂಡ, 30 ಕಿಲೋಡಾಲ್ಟನ್‌ನ ಚಿಕ್ಕ ಪ್ರೋಟೀನ್. ಅದಕ್ಕೆ 5ಸಿ5ಎ7 ಎಂಬ ಇಲಿಯ ಮೊನೊಕ್ಲೋನಲ್ ಬಹಳ ಕಾಲದಿಂದ ಲಭ್ಯವಿದೆ ಮತ್ತು ಬ್ಲಾಟಿನಲ್ಲಿ ಸ್ವಚ್ಛವಾದ ಒಂದೇ ಬ್ಯಾಂಡ್ ಕೊಡುತ್ತದೆ. ಕೋಶ ಒಡೆಯುವಾಗ ಇಆರ್ ಹರಿದುಹೋದರೆ ಕಾರ್2 ಸೋರಿ ಸೂಪರ್ನೇಟಂಟ್‌ಗೆ (ಮೇಲಿನ ದ್ರವಕ್ಕೆ) ಬರುತ್ತದೆ, ಡಿಪಿಎಂ1 ಪೆಲೆಟ್‌ನಲ್ಲೇ (ತಳಕ್ಕೆ ಕೂತ ಭಾಗದಲ್ಲೇ) ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ನಿಮ್ಮ ಪೊರೆಗಳು ಎಷ್ಟು ಕ್ಷೇಮವಾಗಿವೆ ಎಂಬುದು ಗೊತ್ತಾಗುತ್ತದೆ. ಪ್ರೋಟೀನ್‌ಗಳು ಇಆರ್ ಒಳಗೆ ಹೋಗುವ ದ್ವಾರವಾದ ಸೆಕ್61 ಬಳಸುವುದಾದರೆ ಮಾದರಿಯನ್ನು 95 ಡಿಗ್ರಿಗೆ ಕುದಿಸಬೇಡಿ. ಹಲವು ಬಾರಿ ಪೊರೆ ದಾಟುವ ಆ ಪ್ರೋಟೀನ್ ಕುದಿಸಿದಾಗ ಗಂಟುಕಟ್ಟಿ ಜೆಲ್ಲಿನ ಬಾವಿಯ ಬಾಯಲ್ಲೇ ನಿಂತುಬಿಡುತ್ತದೆ. 37ರಿಂದ 65 ಡಿಗ್ರಿಯ ನಡುವೆ ಬೆಚ್ಚಗೆ ಮಾಡಿದರೆ ಸಾಕು. ಲೆಕ್ಕದ ಪ್ರಕಾರ 53 ಕಿಲೋಡಾಲ್ಟನ್ ಇದ್ದರೂ ಅದು ಓಡುವುದು 40ರ ಹತ್ತಿರ. ತಪ್ಪು ಬ್ಯಾಂಡ್ ಎಂದು ಗಾಬರಿಯಾಗಬೇಡಿ. ಇನ್ನು ಕ್ಯಾಲ್ರೆಟಿಕ್ಯುಲಿನ್ ಪ್ರತಿಕಾಯವನ್ನು ಯೀಸ್ಟಿಗೆಂದು ಯಾರಾದರೂ ಸೂಚಿಸಿದರೆ ನಯವಾಗಿ ಬೇಡವೆನ್ನಿ. ಬೇಕರಿ ಯೀಸ್ಟಿನಲ್ಲಿ ಕ್ಯಾಲ್ರೆಟಿಕ್ಯುಲಿನ್ ಇಲ್ಲವೇ ಇಲ್ಲ, ಕ್ಯಾಲ್ನೆಕ್ಸಿನ್ ಬಳಗದ ಸಿಎನ್‌ಇ1 ಮಾತ್ರ ಇದೆ.

ಬ್ಯಾಂಡ್ ನಿಜವೇ ಎಂದು ತೋರಿಸುವ ಸುಲಭ ದಾರಿ ಆ ಜೀನನ್ನು ತೆಗೆದ ತಳಿ. ಕಾರ್2 ವಿಷಯದಲ್ಲಿ ಆ ದಾರಿ ಮುಚ್ಚಿದೆ, ಅದಿಲ್ಲದೆ ಯೀಸ್ಟ್ ಬದುಕುವುದಿಲ್ಲ. ಬದಲಿಗೆ, ಜೀನಿಗೆ ಟ್ಯಾಗ್ (ಗುರುತಿಗಾಗಿ ಜೋಡಿಸುವ ಹೆಚ್ಚುವರಿ ತುಣುಕು) ಸೇರಿಸಿದ ತಳಿಯಲ್ಲಿ ಬ್ಯಾಂಡ್ ಮೇಲಕ್ಕೆ ಸರಿಯುತ್ತದೆಯೇ ಎಂದು ನೋಡಬಹುದು, ಅಥವಾ ಡಿಟಿಟಿ (ಇಆರ್‌ನಲ್ಲಿ ಪ್ರೋಟೀನ್ ಮಡಚುವಿಕೆಯನ್ನು ಕೆಡಿಸುವ ರಾಸಾಯನಿಕ) ಇಲ್ಲವೇ ಟ್ಯುನಿಕಮೈಸಿನ್ ಕೊಟ್ಟು ಏರಿಕೆಯನ್ನು ನೋಡಬಹುದು. ಟ್ಯುನಿಕಮೈಸಿನ್‌ನಲ್ಲಿ ಇನ್ನೊಂದು ಅನುಕೂಲವಿದೆ: ಪಿಡಿಐ1ಕ್ಕೆ ಸಕ್ಕರೆ ಸರಪಳಿಗಳಿರುವುದರಿಂದ ಔಷಧ ಕೊಟ್ಟ ಲೇನಿನಲ್ಲಿ ಹೊಸದಾಗಿ ತಯಾರಾದ ಪಿಡಿಐ1 ಕೆಳಗೆ ಓಡುತ್ತದೆ, ಸಕ್ಕರೆಯಿಲ್ಲದ ಕಾರ್2 ಇದ್ದಲ್ಲೇ ಇರುತ್ತದೆ. ಎಚ್‌ಡಿಇಎಲ್ ಪ್ರತಿಕಾಯ ತೋರಿಸುವ ಎರಡು ಬ್ಯಾಂಡುಗಳಲ್ಲಿ ಯಾವುದು ಯಾವುದೆಂದು ಬೇರೆ ಪ್ರತಿಕಾಯ ಕೊಳ್ಳದೆಯೇ ಹೀಗೆ ಬಿಡಿಸಬಹುದು. ಕೆಲವೊಮ್ಮೆ ಕಾರ್2 ಬ್ಯಾಂಡಿನ ನೆತ್ತಿಯ ಮೇಲೆಯೇ ಇನ್ನೊಂದು ತೆಳು ಬ್ಯಾಂಡ್ ಕಾಣುತ್ತದೆ. ಇಆರ್ ಒಳಗೆ ಹೋಗದೆ, ಮುಂದಿನ ಸಂಕೇತ ಭಾಗ ಕತ್ತರಿಸದೆ ಉಳಿದ ಪೂರ್ವರೂಪ ಅದು. ನೀವು ಸೇರಿಸಿದ ಸಸ್ಯದ ಜೀನ್ ಅತಿಯಾಗಿ ಕೆಲಸ ಮಾಡಿ ಸಾಗಣೆಯ ದ್ವಾರಕ್ಕೆ ಅಡ್ಡಿಯಾಗಿದ್ದರೆ ಇದು ಕಾಣಿಸಿಕೊಳ್ಳಬಹುದು, ಹಾಗಾಗಿ ಅದನ್ನು ಹಿನ್ನೆಲೆ ಕೊಳೆಯೆಂದು ಕತ್ತರಿಸಿ ಹಾಕಬೇಡಿ.

ನಿಮ್ಮ ಮೆಕ್ಕೆಜೋಳದ ಪ್ರೋಟೀನಿಗೆ ಟ್ಯಾಗ್ ಹಾಕುವಿರಾದರೆ ಅದು ಎಚ್‌ಡಿಇಎಲ್ ಅಥವಾ ಕೆಡಿಇಎಲ್ ಬಾಲದ ಮುಂಚೆಯೇ ಬರಬೇಕು. ಬಾಲದ ನಂತರ ಟ್ಯಾಗ್ ಇಟ್ಟರೆ ಬಾಲವನ್ನು ಹಿಡಿದು ಪ್ರೋಟೀನನ್ನು ಇಆರ್‌ಗೆ ಮರಳಿಸುವ ಗ್ರಾಹಿಗೆ ಅದು ಸಿಗದೆ ಪ್ರೋಟೀನ್ ಇಆರ್‌ನಿಂದ ಜಾರಿಹೋಗುತ್ತದೆ. ಆಮೇಲೆ ‘ಸಸ್ಯದ ಪ್ರೋಟೀನ್ ಯೀಸ್ಟಿನ ಇಆರ್‌ನಲ್ಲಿ ನಿಲ್ಲುವುದಿಲ್ಲ’ ಎಂಬ ಸುಳ್ಳು ತೀರ್ಮಾನ ಪ್ರಬಂಧದಲ್ಲಿ ಸೇರಿಕೊಳ್ಳುತ್ತದೆ.

ಮೊಲದ ಸೀರಂ ಬಳಸುವವರಿಗೆ ಒಂದು ಮಾತು. ಮೊಲಗಳು ಎಲ್ಲೋ ಮೇವಿನಲ್ಲಿ ಯೀಸ್ಟನ್ನು ಕಂಡಿರುತ್ತವೆ, ಅವುಗಳ ರಕ್ತದಲ್ಲಿ ಯೀಸ್ಟ್ ವಿರೋಧಿ ಪ್ರತಿಕಾಯಗಳು ಲಸಿಕೆಗೆ ಮುಂಚೆಯೇ ಇರುವುದು ಸಾಮಾನ್ಯ. ಸಾಧ್ಯವಾದರೆ ಶುದ್ಧೀಕರಿಸಿದ ಪ್ರತಿಕಾಯವನ್ನೇ ಕೊಳ್ಳಿ. ಸೀರಂ ಆಗಿದ್ದರೆ ಗುರಿಯ ಪ್ರೋಟೀನ್ ಇಲ್ಲದ ಯೀಸ್ಟ್ ಕೋಶಗಳೊಂದಿಗೆ ಮೊದಲು ಬೆರೆಸಿಟ್ಟು, ಅಂಟಿಕೊಳ್ಳುವುದನ್ನು ತೆಗೆದು ಬಳಸಿ. ಹಾಗೆಯೇ ಪ್ರೋಟೀನ್-ಎ ಭಾಗವಿರುವ ಟ್ಯಾಪ್ ಟ್ಯಾಗ್‌ನ ತಳಿ ನಿಮ್ಮಲ್ಲಿದ್ದರೆ, ಅದು ಯಾವ ಮೊಲದ ಪ್ರತಿಕಾಯ ಹಾಕಿದರೂ ಹಿಡಿದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಪ್ರೋಟೀನ್ ತೆಗೆಯಲು ಗಾಜಿನ ಮಣಿ ಹಾಕಿ ಕುಲುಕುವ ಯಂತ್ರ ನಿಮ್ಮಲ್ಲಿಲ್ಲದಿದ್ದರೂ ತೊಂದರೆಯಿಲ್ಲ. ಕೋಶಗಳನ್ನು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕೋಣೆಯ ಉಷ್ಣತೆಯಲ್ಲಿ 5 ನಿಮಿಷ ಇಟ್ಟು, ತಳಕ್ಕೆ ಕೂರಿಸಿ, ಸ್ಯಾಂಪಲ್ ಬಫರಿನಲ್ಲಿ ಬಿಸಿ ಮಾಡಿದರೆ ಬ್ಲಾಟಿಗೆ ಸಾಕಾಗುವಷ್ಟು ಪ್ರೋಟೀನ್ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಸರ್, ಮೇಡಂ, ಇಬ್ಬರಿಗೂ ಧನ್ಯವಾದಗಳು. ಎಚ್‌ಎಸ್‌ಪಿ70 ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಇಡೀ ಅಧ್ಯಾಯವೇ ಅದರ ಮೇಲೆ ನಿಂತಿದೆ. ಎಚ್‌ಡಿಇಎಲ್ ಒಂದು, ಸಸ್ಯ ಬಿಪ್ ಒಂದು ಎಂದು ನಿರ್ಧರಿಸಿದ್ದೇನೆ.

ಇನ್ನೆರಡು ಸಂದೇಹಗಳಿವೆ. ಬ್ಯಾಂಡ್ ಇಆರ್ ಪೊರೆಯ ಜೊತೆಗೇ ಸಾಗುತ್ತದೆ ಎಂದು ತೋರಿಸಲು ಮೈಕ್ರೋಸೋಮ್ (ಕೋಶ ಒಡೆದಾಗ ಸಿಗುವ ಪೊರೆಯ ಚೂರುಗಳು) ತೆಗೆಯಬೇಕೆಂದು ಮಾರ್ಗದರ್ಶಕರು ಹೇಳುತ್ತಾರೆ, ಆದರೆ ಎಲ್ಲ ವಿಧಾನಗಳಲ್ಲೂ 1,00,000 ಜಿ (ಗುರುತ್ವದ ಲಕ್ಷ ಪಟ್ಟು) ಎಂದಿದೆ ಮತ್ತು ನಮ್ಮಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲ. ಎರಡನೆಯದು, ಸೂಕ್ಷ್ಮದರ್ಶಕದ ಕೆಲಸ. ಮೆಕ್ಕೆಜೋಳದ ಎಲೆಯ ಚೂರಿಗೆ ಪ್ರತಿಕಾಯ ಹಾಕಿ ನೋಡಿದಾಗ ಎಲ್ಲೆಡೆ ಹೊಳೆಯುತ್ತದೆ, ಪ್ರೈಮರಿ (ಗುರಿಯನ್ನು ಹಿಡಿಯುವ ಮೊದಲ ಪ್ರತಿಕಾಯ) ಹಾಕದ ಚೂರೂ ಹಾಗೆಯೇ ಹೊಳೆಯುತ್ತದೆ.

ಉತ್ತರ 3: ಸಸ್ಯ ಜೀವಕೋಶ ಸಂಶೋಧಕಿ, ಮೂಲ ಹಿರಿಯೂರು

ಮೊದಲು ಎರಡನೆಯ ಸಂದೇಹ. ಪ್ರೈಮರಿ ಇಲ್ಲದ ಚೂರು ಹೊಳೆಯುತ್ತಿದ್ದರೆ ನೀವು ನೋಡುತ್ತಿರುವುದು ಹರಿತ್ತು ಮತ್ತು ಜೀವಕೋಶದ ಗೋಡೆಯ ಸ್ವಂತ ಬೆಳಕನ್ನು, ಇಲ್ಲವೇ ಸೆಕೆಂಡರಿ (ಪ್ರೈಮರಿಯನ್ನು ಗುರುತಿಸುವ, ಬಣ್ಣ ಅಂಟಿಸಿದ ಎರಡನೆಯ ಪ್ರತಿಕಾಯ) ಸುಮ್ಮನೆ ಅಂಟಿಕೊಂಡದ್ದನ್ನು. ಸೆಕೆಂಡರಿಯೂ ಹಾಕದ ಇನ್ನೊಂದು ಚೂರನ್ನು ನೋಡಿದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ಹರಿತ್ತಿನ ಬೆಳಕು ಕಡುಗೆಂಪು ಭಾಗದಲ್ಲಿ ಇರುವುದರಿಂದ ಸಿವೈ5ನಂತಹ ಬಣ್ಣಗಳನ್ನು ಎಲೆಗೆ ಬಳಸಲೇಬಾರದು. ನನ್ನ ಅಭಿಪ್ರಾಯದಲ್ಲಿ ಎಲೆಯನ್ನೇ ಬಿಟ್ಟು ಬೇರಿನ ತುದಿಗೆ ಬನ್ನಿ. ಅಲ್ಲಿ ಹರಿತ್ತು ಇಲ್ಲ, ಕೋಶಗಳ ತುಂಬ ಸೈಟೊಪ್ಲಾಸಂ ಇದೆ, ದೊಡ್ಡ ರಸಕುಹರ ಇಆರ್ ಅನ್ನು ಗೋಡೆಗೆ ಒತ್ತಿ ಹಿಡಿದಿರುವುದಿಲ್ಲ. 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿದ ತುದಿಯನ್ನು ಸೆಲ್ಯುಲೇಸ್ ಮತ್ತು ಪೆಕ್ಟಿನ್ ಕರಗಿಸುವ ಕಿಣ್ವದ ಮಿಶ್ರಣದಲ್ಲಿ ಇಟ್ಟು ಗೋಡೆ ಸಡಿಲವಾದ ಮೇಲೆ ಸ್ಲೈಡಿನ ಮೇಲೆ ಮೆಲ್ಲಗೆ ಒತ್ತಿ ಕೋಶಗಳನ್ನು ಬಿಡಿಸಿ, ನಂತರ ಪೊರೆಯಲ್ಲಿ ರಂಧ್ರ ಮಾಡುವ ಟ್ರೈಟನ್ ಕೊಡಿ. ಪ್ರತಿಕಾಯ ದೊಡ್ಡ ಅಣು; ಗೋಡೆ ಗಟ್ಟಿಯಿದ್ದರೆ ಅದು ಒಳಗೆ ಹೋಗುವುದೇ ಇಲ್ಲ. ಸರಿಯಾಗಿ ಬಂದ ಚಿತ್ರದಲ್ಲಿ ನ್ಯೂಕ್ಲಿಯಸ್ಸಿನ ಸುತ್ತ ಒಂದು ಸ್ಪಷ್ಟ ಗೆರೆಯೂ ಸೈಟೊಪ್ಲಾಸಂ ತುಂಬ ಬಲೆಯೂ ಕಾಣಬೇಕು. ಯೀಸ್ಟಿನಲ್ಲಾದರೆ ಜೈಮೊಲೈಸ್ ಕಿಣ್ವದಿಂದ 1.2 ಮೋಲಾರ್ ಸಾರ್ಬಿಟಾಲ್‌ನಲ್ಲಿ ಗೋಡೆ ತೆಗೆಯುತ್ತಾರೆ, ಅಲ್ಲಿ ನ್ಯೂಕ್ಲಿಯಸ್ಸಿನ ಸುತ್ತ ಒಂದು ಉಂಗುರ ಮತ್ತು ಹೊರಪೊರೆಯ ಕೆಳಗೆ ತುಂಡು ತುಂಡಾದ ಇನ್ನೊಂದು ಉಂಗುರ ಬರುತ್ತದೆ. ಚುಕ್ಕೆ ಚುಕ್ಕೆಯಾಗಿ ಕಂಡರೆ ಅದು ಇಆರ್ ಅಲ್ಲವೆಂದೇ ಮೊದಲು ಅನುಮಾನಿಸಬೇಕು.

ಪ್ರತಿಕಾಯವೇ ಸಕ್ಕರೆಗೆ ಅಂಟಿಕೊಳ್ಳುವ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಸಸ್ಯಗಳ ಗ್ಲೈಕೋಪ್ರೋಟೀನ್‌ಗಳಿಗೆ (ಸಕ್ಕರೆ ಸರಪಳಿ ಹೊತ್ತ ಪ್ರೋಟೀನ್‌ಗಳಿಗೆ) ಇಆರ್ ನಂತರದ ನಿಲ್ದಾಣವಾದ ಗಾಲ್ಜಿಯಲ್ಲಿ ಕ್ಸೈಲೋಸ್ ಮತ್ತು ಫ್ಯೂಕೋಸ್ ಎಂಬ ಸಕ್ಕರೆಗಳು ಸೇರುತ್ತವೆ, ಮೊಲಗಳು ಇವುಗಳ ವಿರುದ್ಧ ಬಹಳ ಉತ್ಸಾಹದಿಂದ ಪ್ರತಿಕಾಯ ತಯಾರಿಸುತ್ತವೆ. ಗಿಡದಿಂದಲೇ ಶುದ್ಧೀಕರಿಸಿದ ಗ್ಲೈಕೋಪ್ರೋಟೀನ್ ಚುಚ್ಚಿ ಪಡೆದ ಪ್ರತಿಕಾಯವಾದರೆ ಗಾಲ್ಜಿ, ರಸಕುಹರ, ಗೋಡೆ ಎಲ್ಲವೂ ಬೆಳಗುತ್ತವೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪ್ರೋಟೀನ್ ಅಥವಾ ಕೃತಕ ಪೆಪ್ಟೈಡ್ ವಿರುದ್ಧದ್ದಾದರೆ ಈ ಭಯವಿಲ್ಲ. ಕೊಳ್ಳುವ ಮುನ್ನ ಕಂಪನಿಯನ್ನು ಕೇಳಬೇಕಾದ ಎರಡನೆಯ ಪ್ರಶ್ನೆ ಇದು. ಪೆಪ್ಟೈಡ್ ಸಿಗುವುದಾದರೆ ಅದನ್ನೂ ತರಿಸಿ. ಪ್ರತಿಕಾಯದೊಂದಿಗೆ ಮೊದಲೇ ಬೆರೆಸಿ ಹಾಕಿದಾಗ ಯಾವ ಸಂಕೇತ ಮಾಯವಾಗುತ್ತದೋ ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಮೈಕ್ರೋಸೋಮ್. ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದೆ ಆಗುವುದೇ ಇಲ್ಲವೆಂದು ತಿಳಿಯಬೇಡಿ. ಮೇಜಿನ ಮೇಲಿನ ಸಾಮಾನ್ಯ ಶೀತಲ ಸೆಂಟ್ರಿಫ್ಯೂಜಿನಲ್ಲಿ 21,000 ಜಿಯಷ್ಟು ವೇಗದಲ್ಲಿ, ಚಿಕ್ಕ ಟ್ಯೂಬಿಗೆ ಕೇವಲ 200 ಮೈಕ್ರೋಲೀಟರ್‌ನಷ್ಟು ದ್ರವ ಹಾಕಿ ಹೆಚ್ಚು ಹೊತ್ತು ತಿರುಗಿಸುವ ವಿಧಾನ 2010ರಲ್ಲೇ ಪ್ರಕಟವಾಗಿದೆ. ಕಣಗಳು ತಳ ಮುಟ್ಟಲು ಸಾಗಬೇಕಾದ ದೂರ ಕಡಿಮೆಯಾಗುವುದರಿಂದ ಕಡಿಮೆ ವೇಗವೂ ಸಾಕಾಗುತ್ತದೆ. ಆದರೆ ಇದರಿಂದ ಬರುವುದು ಎಲ್ಲ ಪೊರೆಗಳ ಮಿಶ್ರಣ. ಅದರಲ್ಲಿ ಇಆರ್ ಯಾವುದು ಎಂದು ಹೇಳಲು ಹಳೆಯ ಮೆಗ್ನೀಸಿಯಂ ಪ್ರಯೋಗಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ಬಫರಿನಲ್ಲಿ ಮೆಗ್ನೀಸಿಯಂ ಇದ್ದರೆ ರೈಬೊಸೋಮ್‌ಗಳು ಇಆರ್ ಮೇಲೆ ಅಂಟಿಕೊಂಡೇ ಇದ್ದು ಅದು ಸುಕ್ರೋಸ್ ಪದರಗಳಲ್ಲಿ ಕೆಳಗೆ, ಸಾಂದ್ರ ಭಾಗದಲ್ಲಿ ನಿಲ್ಲುತ್ತದೆ. ಇಡಿಟಿಎ ಹಾಕಿ ಮೆಗ್ನೀಸಿಯಂ ಕಿತ್ತುಕೊಂಡರೆ ರೈಬೊಸೋಮ್‌ಗಳು ಉದುರಿ ಇಆರ್ ಮೇಲೆ ಸರಿಯುತ್ತದೆ. ಗಾಲ್ಜಿ, ಪ್ಲಾಸ್ಮಾ ಪೊರೆ, ರಸಕುಹರದ ಪೊರೆ ಹೀಗೆ ಸರಿಯುವುದಿಲ್ಲ. ನಿಮ್ಮ ಬ್ಯಾಂಡ್ ಬಿಪ್ ಜೊತೆಗೇ ಮೇಲೆ ಕೆಳಗೆ ಸರಿದರೆ ಪರೀಕ್ಷಕರು ಹೆಚ್ಚು ಮಾತಾಡುವುದಿಲ್ಲ. ಈ ಸುಕ್ರೋಸ್ ಹಂತಕ್ಕೆ ಮಾತ್ರ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕೇ ಬೇಕು, ಒಂದು ದಿನದ ಮಟ್ಟಿಗೆ ಬೆಂಗಳೂರಿನಲ್ಲಿ ಪರಿಚಯದವರ ಲ್ಯಾಬನ್ನು ಕೇಳಿ.

ನಮ್ಮ ಕಡೆಯ ಬೆಳೆಯೊಂದು ಈ ಇತಿಹಾಸದಲ್ಲಿದೆ ಎಂಬುದನ್ನು ಹೇಳದೆ ಹೋಗಲು ಮನಸ್ಸಿಲ್ಲ. ಸಸ್ಯದ ಇಆರ್ ಅನ್ನು ಸುಕ್ರೋಸ್ ಪದರದಲ್ಲಿ ಬೇರ್ಪಡಿಸಿ, ಪೊರೆಯ ಕೊಬ್ಬಾದ ಲೆಸಿಥಿನ್ ತಯಾರಾಗುವುದು ಅಲ್ಲೇ ಎಂದು 1973ರಲ್ಲಿ ತೋರಿಸಿದ್ದು ಮೊಳೆಯುವ ಹರಳು ಬೀಜದ ಭ್ರೂಣಪೋಷದಲ್ಲಿ. ಅದರಲ್ಲಿ ಇಆರ್ ಹೇರಳ, ಹಸಿರು ಇಲ್ಲ. ಅಭ್ಯಾಸಕ್ಕೆ ಅದನ್ನು ಬಳಸಬಹುದಾದರೂ ರಿಸಿನ್ ವಿಷ ಇರುವುದರಿಂದ ಕೈಗವಸು, ಮುಖಗವಸು ಇಲ್ಲದೆ ಅರೆಯಬೇಡಿ. ಇನ್ನೂ ಸುರಕ್ಷಿತವಾದದ್ದು ನಿಮ್ಮ ಕೈಯಲ್ಲೇ ಇದೆ: ಹಾಲುಗಾಳಿನ ಮೆಕ್ಕೆಜೋಳ. ಅದರ ಝೀನ್ ಎಂಬ ಸಂಗ್ರಹ ಪ್ರೋಟೀನ್ ಇಆರ್ ಒಳಗೇ ಉಂಡೆಗಟ್ಟಿ ಕೂರುತ್ತದೆ. ಫ್ಲೌರಿ-2 ಎಂಬ ಮ್ಯುಟೆಂಟ್ ತಳಿಯಲ್ಲಿ ಒಂದು ಝೀನ್‌ನ ಸಂಕೇತ ಭಾಗ ಕತ್ತರಿಸದೆ ಉಳಿಯುವುದರಿಂದ ಬಿಪ್ ಬಹಳವಾಗಿ ಏರುತ್ತದೆ. ಆ ಬೀಜ ಯಾರಲ್ಲಾದರೂ ಸಿಕ್ಕರೆ ಬಿಪ್ ಪ್ರತಿಕಾಯಕ್ಕೆ ಅದಕ್ಕಿಂತ ಒಳ್ಳೆಯ ಪಾಸಿಟಿವ್ ಕಂಟ್ರೋಲ್ ಮೆಕ್ಕೆಜೋಳದಲ್ಲಿ ಇನ್ನೊಂದಿಲ್ಲ.

ಉತ್ತರ 4: ಜೀವರಸಾಯನಶಾಸ್ತ್ರ ಅಧ್ಯಾಪಕ, ಚಿತ್ರದುರ್ಗ

ಮೇಡಂ ಹೇಳಿದ ಸಕ್ಕರೆಯ ಮಾತಿಗೆ ಒಂದು ಸೇರ್ಪಡೆ: ಸೆಕೆಂಡರಿಗೆ ಅಂಟಿಸಿರುವ, ಬ್ಲಾಟಿನಲ್ಲಿ ಬೆಳಕು ಹೊಮ್ಮಿಸುವ ಎಚ್‌ಆರ್‌ಪಿ ಕಿಣ್ವವೂ ಗಿಡದಿಂದಲೇ ಬಂದದ್ದು, ಅದರ ಮೇಲೂ ಅದೇ ಕ್ಸೈಲೋಸ್, ಫ್ಯೂಕೋಸ್ ಇವೆ. ಸಕ್ಕರೆಯನ್ನು ಗುರುತಿಸುವ ಪ್ರೈಮರಿ ಅದನ್ನೂ ಹಿಡಿಯಬಲ್ಲದು.

ಪ್ರತಿಕಾಯ ಬಂದ ದಿನ ಮಾಡಬೇಕಾದ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಬರುವ ಡಬ್ಬಿಯಲ್ಲಿ ಐಸ್ ಪ್ಯಾಕ್ ಬಿಸಿಯಾಗಿರುವುದು ಹೊಸದೇನಲ್ಲ. ಪ್ರತಿಕಾಯ ಅಷ್ಟಕ್ಕೆಲ್ಲ ಸಾಯುವುದಿಲ್ಲ, ಆದರೆ ಪದೇ ಪದೇ ಹೆಪ್ಪುಗಟ್ಟಿ ಕರಗಿದರೆ ಕೆಡುತ್ತದೆ, ಕರೆಂಟ್ ಹೋಗಿ ಬರುವ ನಮ್ಮ ಕಡೆ ಫ್ರೀಜರ್ ಅದನ್ನೇ ಮಾಡುತ್ತದೆ. ಬಂದ ಕೂಡಲೇ ಸಣ್ಣ ಸಣ್ಣ ಪಾಲು ಮಾಡಿ, ತಯಾರಕರ ಸೂಚನೆ ಒಪ್ಪಿದರೆ ಅರ್ಧದಷ್ಟು ಗ್ಲಿಸರಾಲ್ ಬೆರೆಸಿ ಮೈನಸ್ 20ರಲ್ಲಿಡಿ. ಗ್ಲಿಸರಾಲ್ ಇದ್ದರೆ ಆ ಉಷ್ಣತೆಯಲ್ಲಿ ದ್ರವ ಗಟ್ಟಿಯಾಗುವುದೇ ಇಲ್ಲ. ದುರ್ಬಲಗೊಳಿಸಿದ ಪ್ರೈಮರಿಯನ್ನು ಮರುಬಳಕೆಗೆ ಇಡಲು ಸೋಡಿಯಂ ಅಜೈಡ್ ಹಾಕುವವರು, ಎಚ್‌ಆರ್‌ಪಿ ಸೆಕೆಂಡರಿ ಹಾಕುವ ಮೊದಲು ಮೆಂಬ್ರೇನನ್ನು ಚೆನ್ನಾಗಿ ತೊಳೆಯಬೇಕು, ಏಕೆಂದರೆ ಅಜೈಡ್ ಆ ಕಿಣ್ವವನ್ನು ನಿಲ್ಲಿಸಿಬಿಡುತ್ತದೆ.

60 ಮತ್ತು 22ರ ಬ್ಯಾಂಡುಗಳ ಗುರುತು ನಿಮ್ಮ ಪ್ರಬಂಧಕ್ಕೆ ಮುಖ್ಯವೆನಿಸಿದರೆ, ಕಾಲಿಯಾಪ್ಟೈಲಿನ ಮೈಕ್ರೋಸೋಮ್ ಓಡಿಸಿದ ಜೆಲ್ಲಿನಿಂದ ಆ ಭಾಗಗಳನ್ನು ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ (ತುಣುಕುಗಳ ತೂಕ ಅಳೆದು ಪ್ರೋಟೀನ್ ಯಾವುದೆಂದು ಹೇಳುವ ಪರೀಕ್ಷೆಗೆ) ಕೊಡಿ. ಬೆಂಗಳೂರಿನ ಸಿ-ಕ್ಯಾಂಪ್ ಸಂಶೋಧನಾ ಕೇಂದ್ರದಂತಹ ಕಡೆ ಹೊರಗಿನವರಿಗೂ ಶುಲ್ಕದ ಮೇಲೆ ಈ ಸೇವೆ ಇದೆ. ಒಂದೇ ಮೆಂಬ್ರೇನಿನ ಮೇಲೆ ಮೊದಲು ಮೊಲದ ಬಿಪ್ ಪ್ರತಿಕಾಯ, ಆಮೇಲೆ ಇಲಿಯ ಎಚ್‌ಡಿಇಎಲ್ ಪ್ರತಿಕಾಯ ಹಾಕಬಹುದು. ಎರಡಕ್ಕೂ ಸೆಕೆಂಡರಿ ಬೇರೆಯಾದ್ದರಿಂದ ಗೊಂದಲ ಕಡಿಮೆ, ಆದರೆ ಮೊದಲನೆಯ ಎಚ್‌ಆರ್‌ಪಿಯನ್ನು ಅದೇ ಅಜೈಡ್‌ನಿಂದ ನಿಷ್ಕ್ರಿಯಗೊಳಿಸಿ, ಇಸಿಎಲ್ (ಎಚ್‌ಆರ್‌ಪಿ ಇದ್ದಲ್ಲಿ ಬೆಳಕು ಕೊಡುವ ದ್ರಾವಣ) ಹಾಕಿ ಖಾಲಿ ಬರುತ್ತದೆಯೇ ಎಂದು ನೋಡಿ, ಚೆನ್ನಾಗಿ ತೊಳೆದು ಮುಂದುವರಿಯಿರಿ. ಇದೆಲ್ಲದರ ಮೊದಲು, ಪ್ರೋಟೀನ್ ವರ್ಗಾವಣೆಯಾದ ತಕ್ಷಣ ಎಲ್ಲ ಪ್ರೋಟೀನ್‌ಗಳನ್ನೂ ಕೆಂಪಾಗಿ ತೋರಿಸುವ ಪಾನ್ಸೋ ಬಣ್ಣ ಹಾಕಿದ ಮೆಂಬ್ರೇನಿನ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ಲೇನುಗಳಲ್ಲೂ ಸಮನಾಗಿ ಪ್ರೋಟೀನ್ ಇತ್ತೇ ಎಂದು ಪರೀಕ್ಷಕರು ಕೇಳುವುದು ಖಂಡಿತ.